ಬಂಡುರಾವ ಸರಿಸಿದ ಎರಡು ಚುಕ್ಕಿ

ಕಮಲಾಪುರದ ಬಂಡುರಾವನಿಗೆ ಭೌತಶಾಸ್ತ್ರ ಗೊತ್ತಿರಲಿಲ್ಲ. ರಸಾಯನಶಾಸ್ತ್ರವಂತೂ ಮೊದಲೇ ಗೊತ್ತಿರಲಿಲ್ಲ. ಹೀಗಿದ್ದೂ ಎಂಬತ್ತರ ದಶಕದಲ್ಲಿ, ಆ ಎರಡು ಶಾಸ್ತ್ರಗಳ ಗಡಿಯ ಮೇಲೆ ಕೂತು ಸಂಶೋಧನೆ ಮಾಡುತ್ತಿದ್ದ ಕಲಬುರಗಿಯ ಮಂದಿ ತಮ್ಮ ಪ್ರಬಂಧವನ್ನು ಪರದೇಶದ ಪತ್ರಿಕೆಗೆ ಕಳಿಸಬೇಕೆಂದರೆ ಮೊದಲು ಬರುತ್ತಿದ್ದದ್ದು ಅವನ ಅಂಗಡಿಗೆ. ಕುಸನೂರ ರಸ್ತೆಯ ಮೇಲೆ ತಗಡಿನ ಮಾಡು, ಎರಡು ಬೆಂಚು, ಒಂದು ಟೈಪ್‌ರೈಟರ್, ಇಳಿಜಾರಾದ ಒಂದು ಮರದ ಮೇಜು. ಬೋರ್ಡಿನ ಮೇಲೆ ‘ಪ್ರಾಣೇಶ ಟೈಪಿಂಗ್ ಮತ್ತು ಟ್ರೇಸಿಂಗ್’ ಎಂದಿತ್ತು. ಹೆಸರು ಮನೆದೇವರದು; ಮಾಲೀಕ, ಕೆಲಸಗಾರ, ಕಸ ಹೊಡೆಯುವವ ಎಲ್ಲ ಬಂಡುರಾವನೇ. ಬೆಳಿಗ್ಗೆ ಹುಮನಾಬಾದ್ ಕಡೆಯಿಂದ ಬರುವ ಬಸ್ಸನ್ನು ಕಮಲಾಪುರದಲ್ಲಿ ಹತ್ತಿ ಬರುವವನು, ಸಂಜೆ ಅದೇ ದಾರಿಯಲ್ಲಿ ಮನೆಗೆ.

ಕೆಲಸ ಎರಡು ಬಗೆಯದು. ಒಂದು ಟೈಪು. ಸಾಲಿನ ನಡುವೆ ಸಾಲಿನಷ್ಟೇ ಜಾಗ ಬಿಟ್ಟು, ಕಾರ್ಬನ್ ಇಟ್ಟು ಮೂರು ಪ್ರತಿ. ಅವನ ಯಂತ್ರದಲ್ಲಿ ಗ್ರೀಕ್ ಅಕ್ಷರ ಇರಲಿಲ್ಲ. ವಿಜ್ಞಾನಿಗಳಿಗೋ ಗ್ರೀಕ್ ಅಕ್ಷರ ಇಲ್ಲದೆ ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೆ ಬಂಡುರಾವ ಜಾಗ ಖಾಲಿ ಬಿಟ್ಟು ಆಮೇಲೆ ಪೆನ್ನಿನಿಂದ ತುಂಬುತ್ತಿದ್ದ. ಅವುಗಳಿಗೆ ಅವನದೇ ಹೆಸರುಗಳಿದ್ದವು. ಆಲ್ಫಾ ಅವನ ಪಾಲಿಗೆ ‘ಮೀನು’, ಒಮೇಗಾ ‘ಕುದುರೆ ಲಾಳ’, ಸೈ ಎಂಬುದು ‘ತ್ರಿಶೂಲ’. ವೈಷ್ಣವರ ಮನೆಯ ತಾನು ದಿನಕ್ಕೆ ಮೂವತ್ತು ತ್ರಿಶೂಲ ಬರೆಯಬೇಕಾಯಿತಲ್ಲ ಎಂದು ಅವನು ಒಂದು ದಿನವೂ ಗೊಣಗಿದವನಲ್ಲ.

ಇನ್ನೊಂದು ಕೆಲಸ ಚಿತ್ರದ್ದು. ಸಂಶೋಧಕರು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕಿ ಇಟ್ಟು ಗೆರೆ ಎಳೆದು ತರುತ್ತಿದ್ದರು. ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಕರಿ ಮಸಿಯ ಸೂಜಿಮೂತಿ ಪೆನ್ನಿನಿಂದ ಅದನ್ನು ಅಚ್ಚಿಗೆ ಯೋಗ್ಯವಾಗಿ ಬರೆಯುವುದು ಬಂಡುರಾವನ ವಿದ್ಯೆ. ಮೊದಲು ನಾಲ್ಕು ವರ್ಷ ಅವನು ಕಾಲುವೆ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ದಿನಗೂಲಿಯ ಮೇಲಿದ್ದ. ಅಲ್ಲಿನ ಇಂಜಿನಿಯರರು “ಗೆರಿ ಹರಿಬೇಕು ಬಂಡು, ಎಡವಬಾರದು” ಎಂದು ಹೇಳಿಕೊಟ್ಟಿದ್ದರು. ಆವತ್ತಿನಿಂದ ಅವನ ಗೆರೆ ಎಲ್ಲಿಯೂ ಎಡವಿರಲಿಲ್ಲ. ಅವನ ಗೆರೆ ನೋಡಿ ಪ್ರೊಫೆಸರುಗಳು “ಬೆಣ್ಣಿ, ಬೆಣ್ಣಿ” ಎನ್ನುತ್ತಿದ್ದರು.

ಇಷ್ಟೆಲ್ಲ ಇದ್ದ ಬಂಡುರಾವನಿಗೆ ಇದ್ದದ್ದು ಒಂದೇ ಆಸೆ. ಪಿಎಚ್.ಡಿ. ಪ್ರಬಂಧಗಳ ಮುನ್ನುಡಿಯ ಕೊನೆಯಲ್ಲಿ, ತಾಯಿ ತಂದೆ ಹೆಂಡತಿ ಎಲ್ಲರ ಕೃತಜ್ಞತೆ ಮುಗಿದ ಮೇಲೆ, ‘ಅಂದವಾಗಿ ಟೈಪ್ ಮಾಡಿದ ಶ್ರೀ ಬಂಡುರಾವ ಕಮಲಾಪುರಕರ ಅವರಿಗೂ’ ಎಂದು ಒಂದು ಸಾಲು ಇರುತ್ತಿತ್ತು. ಆ ಸಾಲನ್ನೂ ಅವನೇ ಟೈಪ್ ಮಾಡುತ್ತಿದ್ದ. ತನ್ನ ಹೊಗಳಿಕೆಯನ್ನು ತನ್ನ ಕೈಯಿಂದಲೇ ಐದು ಪ್ರತಿ ತೆಗೆಯುವ ಯೋಗ ನಮ್ಮಂಥ ಲೇಖಕರಿಗೆ ಮಾತ್ರ ಇದೆಯೆಂದು ತಿಳಿದಿದ್ದೆವು, ಬಂಡುರಾವನಿಗೂ ಇತ್ತು. ಆದರೆ ಪಿಎಚ್.ಡಿ. ಪ್ರಬಂಧ ಲೈಬ್ರರಿಯ ಕಪಾಟಿಗೆ ಹೋದರೆ ಅದನ್ನು ಆಮೇಲೆ ನೋಡುವುದು ಹಲ್ಲಿಗಳಷ್ಟೇ. ಪರದೇಶದ ಪತ್ರಿಕೆಯೇ ಬೇರೆ. ಅಲ್ಲಿ ಅಚ್ಚಾದ ಹೆಸರು ಸಮುದ್ರ ದಾಟಿ ಹೋಗಿ ಸಮುದ್ರ ದಾಟಿ ಬರುತ್ತದೆ. ಪತ್ರಿಕೆಯ ಪ್ರಬಂಧಗಳ ಮೊದಲ ಕರಡಿನಲ್ಲಿ ಬಂಡುರಾವನ ಹೆಸರಿದ್ದರೂ ಕೊನೆಯ ಕರಡು ಬರುವ ಹೊತ್ತಿಗೆ ಯಾರೋ ಅದರ ಮೇಲೆ ಕೆಂಪು ಗೆರೆ ಎಳೆದಿರುತ್ತಿದ್ದರು. ಹೆಸರಿಲ್ಲದ ಆ ಪುಟವನ್ನು ಮತ್ತೆ ಟೈಪ್ ಮಾಡುವವನೂ ಅವನೇ. ಹೀಗೆ ಎಂಟು ಸಲ ಆಗಿತ್ತು.

ಪಕ್ಕದ ಜೆರಾಕ್ಸ್ ಅಂಗಡಿಯ ಬುರ್ಹಾನುದ್ದೀನ್‌ಗೆ ಈ ಸಂಕಟ ಅರ್ಥವಾಗುತ್ತಿರಲಿಲ್ಲ.

“ಬಂಡುಭಾಯ್, ವಿಲಾಯತಿ ಕಿತಾಬಿನ್ಯಾಗ ನಿಮ್ಮ ಹೆಸರು ಬಂದ್ರ ಏನ್ ಸಿಗ್ತದ? ಪೆನ್ಷನ್ನಾ?”

“ಏನೂ ಸಿಗಂಗಿಲ್ಲ.”

“ಮತ್ತ ಯಾಕ ಇಷ್ಟು ಪರೇಶಾನಿ?”

“ನಿನಗ ತಿಳ್ಯಂಗಿಲ್ಲ ಬುರ್ಹಾನ್. ನಿಂದು ಮಷೀನು. ಇದ್ದದ್ದನ್ನ ಇದ್ದಂಗ ತೆಗೀತದ. ನಂದು ಕೈ. ಕೈಗೆ ಒಂದ್ ಹೆಸರು ಅಂತ ಇರ್ತದ.”

ಈ ಮಾತನ್ನು ಬುರ್ಹಾನುದ್ದೀನ್ ನೆನಪಿಟ್ಟುಕೊಂಡ. ನೆನಪಿಡಬಾರದ ಮಾತುಗಳನ್ನು ನೆನಪಿಡುವುದರಲ್ಲಿ ಅವನು ನಿಪುಣ.

೧೯೮೬ರ ಆಗಸ್ಟಿನಲ್ಲಿ ಶೇವಂತಾ ಪರದೇಶದ ಪತ್ರಿಕೆಗೆ ಕಳಿಸುವ ತನ್ನ ಪ್ರಬಂಧ ತಂದಳು. ತಾಜಸುಲ್ತಾನಪುರದ ಯಂಕಪ್ಪನ ಮಗಳು. ಯಂಕಪ್ಪ ಮಂದಿಯ ಹೊಲದಲ್ಲಿ ದುಡಿದು ಮಗಳನ್ನು ಎಂ.ಎಸ್ಸಿ.ವರೆಗೆ ತಂದಿದ್ದ, ಅಲ್ಲಿಂದ ಮುಂದೆ ಅವಳೇ ಫೆಲೋಶಿಪ್ ಗಿಟ್ಟಿಸಿಕೊಂಡು ಬಂದಿದ್ದಳು. ಕಡಿಮೆ ಮಾತಿನವಳು. ಆಡಿದರೆ ಚಿವುಟಿದ ಹಾಗೆ. ಬಂಡುರಾವನನ್ನು ‘ಕಾಕಾ’ ಎನ್ನುತ್ತಿದ್ದಳು.

“ಇದರಾಗ ಏನ್ ಬರ್ದೀ ತಾಯಿ?” ಎಂದು ಬಂಡುರಾವ ಕೇಳಿದ. ಟೈಪ್ ಮಾಡುವ ಮೊದಲು ಹೀಗೆ ಕೇಳುವುದು ಅವನ ಮರ್ಯಾದೆ. ಉತ್ತರ ತಿಳಿಯಲೇಬೇಕೆಂದೇನಿಲ್ಲ.

“ಎರಡು ದ್ರವ ಬೆರಸೀನಿ ಕಾಕಾ. ಹಾಲಿನ್ಯಾಗ ನೀರು ಬೆರಸ್ತಾರಲ್ಲ, ಹಂಗ.”

“ಅದನ್ನ ನಮ್ಮ ಕಮಲಾಪುರದಾಗ ದಿನಾ ಮಾಡ್ತಾರ. ಅದಕ್ಕೂ ಡಾಕ್ಟರೇಟ್ ಕೊಡ್ತಾರೇನು?”

“ಬೆರಸಿ ಮಾರಿದ್ರ ಕೊಡಂಗಿಲ್ಲ. ಬೆರಸಿ ಅಳದ್ರ ಕೊಡ್ತಾರ” ಎಂದಳು ಶೇವಂತಾ. ಹನ್ನೊಂದು ಬಾಟಲಿ ಮಾಡಿದ್ದಳಂತೆ. ಮೊದಲನೆಯದರಲ್ಲಿ ಪೂರ್ತಿ ಒಂದು ದ್ರವ, ಕೊನೆಯದರಲ್ಲಿ ಪೂರ್ತಿ ಇನ್ನೊಂದು, ನಡುವಿನವುಗಳಲ್ಲಿ ಹತ್ತರಲ್ಲಿ ಒಂದು ಪಾಲು, ಎರಡು ಪಾಲು, ಹೀಗೆ ಏರುತ್ತ ಹೋಗಿದ್ದು. ಪ್ರತಿ ಬಾಟಲಿಯ ದ್ರವದಲ್ಲೂ ಶಬ್ದ ಎಷ್ಟು ವೇಗದಲ್ಲಿ ಓಡುತ್ತದೆ ಎಂದು ಅಳೆದಿದ್ದಳು. ಹನ್ನೊಂದು ಅಳತೆ, ಹನ್ನೊಂದು ಚುಕ್ಕಿ, ಅವುಗಳನ್ನು ಹಾದು ಒಂದು ಗೆರೆ.

ಅವಳ ಮಾರ್ಗದರ್ಶಕರಾದ ಪ್ರೊಫೆಸರ್ ಕಲ್ಯಾಣಪ್ಪನವರದು ಒಂದು ಕಟ್ಟುನಿಟ್ಟು: ಪರದೇಶದ ಪತ್ರಿಕೆಯೊಂದು ಪ್ರಬಂಧ ಒಪ್ಪಿಕೊಂಡ ಪತ್ರ ಬರುವವರೆಗೆ ಯಾವ ವಿದ್ಯಾರ್ಥಿಯ ಪಿಎಚ್.ಡಿ.ಗೂ ಅವರು ಸಹಿ ಹಾಕುವುದಿಲ್ಲ. ಶೇವಂತಾಳ ಫೆಲೋಶಿಪ್ ಮುಂದಿನ ಜೂನ್‌ಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಆ ಪತ್ರ ಬರದಿದ್ದರೆ ಐದು ವರ್ಷದ ದುಡಿಮೆ ಗಂಟು ಕಟ್ಟಿಕೊಂಡು ತಾಜಸುಲ್ತಾನಪುರದ ಬಸ್ಸು ಹತ್ತಬೇಕು.

“ಈ ಸಲ ನಿಮ್ಮ ಹೆಸರು ಹಾಕೀನಿ ಕಾಕಾ, ಕಡೀ ಪುಟದಾಗ ಅದ ನೋಡ್ರಿ. ಸರ್ ತೆಗಿಯಾಕ ಬಂದ್ರ ನಾ ಬಿಡಂಗಿಲ್ಲ” ಎಂದು ಹೇಳಿ ಶೇವಂತಾ ಒಂದು ವಾರದ ಲೈಬ್ರರಿ ಕೆಲಸಕ್ಕೆ ಹೈದರಾಬಾದಿಗೆ ಹೋದಳು.

ಬಂಡುರಾವ ಆ ಸಾಲನ್ನು ಮೊದಲು ಟೈಪ್ ಮಾಡಿದ. ಉಳಿದದ್ದನ್ನು ಆಮೇಲೆ.

ಟೈಪು ಮೂರು ದಿನದಲ್ಲಿ ಮುಗಿಯಿತು. ನಾಲ್ಕನೇ ದಿನ ಚಿತ್ರಕ್ಕೆ ಕೂತ. ಟ್ರೇಸಿಂಗ್ ಕಾಗದ ಹಾಸಿ, ನಾಲ್ಕು ಮೂಲೆಗೆ ಟೇಪು ಹಚ್ಚಿ, ಗೆರೆ ತಿರುವಲು ಬಳಸುವ ಪ್ಲಾಸ್ಟಿಕ್ಕಿನ ಸೊಟ್ಟ ಪಟ್ಟಿಯನ್ನು ಚುಕ್ಕಿಗಳಿಗೆ ತಾಗಿಸಿ ನೋಡಿದ. ಒಂಬತ್ತು ಚುಕ್ಕಿ ಮದುವೆಯ ಪಂಕ್ತಿಯಲ್ಲಿ ಕೂತ ಹಾಗೆ ಸಾಲಾಗಿ ಕೂತಿದ್ದವು. ಎರಡು ಮಾತ್ರ, ನಾಲ್ಕನೆಯದು ಮತ್ತು ಐದನೆಯದು, ಪಂಕ್ತಿ ಬಿಟ್ಟು ಕೆಳಗೆ ಜಾರಿದ್ದವು. ಶೇವಂತಾಳ ಪೆನ್ಸಿಲ್ ಗೆರೆಯೂ ಅವುಗಳ ಹಿಂದೆ ತಗ್ಗಿಗೆ ಇಳಿದು ಎದ್ದು ಬಂದಿತ್ತು.

ಬಂಡುರಾವ ಪಟ್ಟಿ ಕೆಳಗಿಟ್ಟ. ಪಾಪ, ಹುಡುಗಿ ಹೈದರಾಬಾದಿಗೆ ಹೋಗುವ ಗಡಿಬಿಡಿಯಲ್ಲಿ ಕೈ ತಪ್ಪಿ ಇಟ್ಟಿದೆ. ಇದು ಹೀಗೆಯೇ ವಿಲಾಯತಿಗೆ ಹೋದರೆ ಅಲ್ಲಿಯವರು ಏನಂದಾರು? ಕಲಬುರಗಿಯಲ್ಲಿ ನೆಟ್ಟಗೆ ಒಂದು ಗೆರೆ ಎಳೆಯುವವರೂ ಇಲ್ಲವೇ ಎಂದಾರು. ಅದರಡಿಯಲ್ಲಿ ತನ್ನ ಹೆಸರು ಬೇರೆ! ಬೇರೆ ಯಾರ ಗ್ರಾಫಾದರೂ ಆಗಿದ್ದರೆ ಅವನು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದ. ಹತ್ತು ವರ್ಷ ಹಾಗೆಯೇ ಬರೆದವನು. ಇದು ಮನೆಯ ಹುಡುಗಿಯದು. ದಾರಿಯಲ್ಲಿ ಎಡವಿ ಬಿದ್ದ ಕೂಸನ್ನು ಎತ್ತಿ ಮಣ್ಣು ಕೊಡವಿ ನಿಲ್ಲಿಸುವಂತೆ ಆ ಎರಡು ಚುಕ್ಕಿಗಳನ್ನು ಎತ್ತಿ ಗೆರೆಯ ಮೇಲೆ ಕೂಡಿಸಿದ. ಅರ್ಧ ನಿಮಿಷದ ಕೆಲಸ. ಗೆರೆ ಹರಿಯಿತು, ಬೆಣ್ಣೆಯಂತೆ. ಆ ಸಂತೋಷಕ್ಕೆ ಎರಡು ಮಿರ್ಚಿ ಭಜಿ ತರಿಸಿ ತಿಂದ.

ತಾನೇ ಟೈಪ್ ಮಾಡಿದ ಏಳನೇ ಪುಟದಿಂದ ಶುರುವಾಗಿ ಆ ತಗ್ಗಿನ ಬಗ್ಗೆಯೇ ಒಂದೂವರೆ ಪುಟ ಇದೆಯೆಂದು ಅವನಿಗೆ ಗೊತ್ತಾಗಲಿಲ್ಲ. ಟೈಪ್ ಮಾಡುವವನು ಓದಲು ನಿಂತರೆ ಬೆರಳು ನಿಲ್ಲುತ್ತವೆ.

ಕಲ್ಯಾಣಪ್ಪನವರು ಮೊದಲ ಪುಟದಲ್ಲಿ ತಮ್ಮ ಹೆಸರಿನ ಅಕ್ಷರ ಸರಿಯಿದೆಯೇ ನೋಡಿದರು, ಕೊನೆಯಲ್ಲಿ ಬಂಡುರಾವನ ಹೆಸರು ನೋಡಿ ಹುಬ್ಬು ಏರಿಸಿದರು, ಕೆಂಪು ಪೆನ್ನು ಸಿಗಲಿಲ್ಲವಾಗಿ ಬಿಟ್ಟರು. ಚಿತ್ರ ನೋಡಿ “ಬೆಣ್ಣಿ” ಎಂದರು. ಸಹಿ ಹಾಕಿದರು. ಶೇವಂತಾ ಹೈದರಾಬಾದಿನಿಂದ ಮರಳುವ ಮೊದಲೇ ಲಕೋಟೆ ವಿಮಾನ ಏರಿತು.

ಉತ್ತರ ಬಂದದ್ದು ಜನವರಿಯಲ್ಲಿ. ಶುಕ್ರವಾರ ಮಧ್ಯಾಹ್ನ ಶೇವಂತಾ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಳು. ಕೈಯಲ್ಲಿ ನೀಲಿ ಗೆರೆಯ ಲಕೋಟೆ.

“ಪಾಸಾಯ್ತೇನವ್ವ?” ಎಂದು ಬಂಡುರಾವ ಎದ್ದೇ ನಿಂತ.

“ಕೂಡ್ರಿ ಕಾಕಾ. ಓದ್ತೀನಿ.” ಪತ್ರಿಕೆಯವರು ಪ್ರಬಂಧವನ್ನು ಯಾವನೋ ಪಂಡಿತನಿಗೆ ತೋರಿಸಿದ್ದರು. ಅವನು ಬರೆದದ್ದನ್ನು ಶೇವಂತಾ ಕನ್ನಡದಲ್ಲಿ ಹೇಳಿದಳು: “‘ಲೇಖಕರು ಏಳನೇ ಪುಟದಾಗ ಒಂದು ತಗ್ಗಿನ ಬಗ್ಗೆ ಭಾಳ ಉತ್ಸಾಹದಿಂದ ಬರ್ದಾರ. ಅದನ್ನ ನಾನು ಚಿತ್ರದಾಗ ಭೂತಗನ್ನಡಿ ಹಿಡಿದು ಹುಡುಕಿದೆ. ಸಿಗಲಿಲ್ಲ. ಟೇಬಲ್ಲಿನ್ಯಾಗ ಎರಡು ಅಂಕಿ ಕೆಳಗ ಅದಾವ, ಚಿತ್ರದಾಗ ಅವೇ ಎರಡು ಮ್ಯಾಲ ಅದಾವ. ಯಾವುದು ಖರೇ ಅಂತ ಲೇಖಕರು ತಿಳಿಸಲಿ.’ ಅರವತ್ತು ದಿನ ಕೊಟ್ಟಾರ. ಪತ್ರ ಬರಾಕ ಇಪ್ಪತ್ಮೂರು ದಿನ ಹೋದ್ವು.”

ಬಂಡುರಾವ ಟೈಪ್‌ರೈಟರಿನ ಮೇಲಿಲ್ಲದ ಧೂಳು ಒರೆಸತೊಡಗಿದ.

“ಸರ್ ಏನಂತಾರ?”

“ಸರ್ ಅಂತಾರ, ‘ಚಿತ್ರ ಬಂಡುರಾವ್ ಬರ್ದಾರ. ಅವರು ಇದ್ದದ್ದನ್ನ ಇದ್ದಂಗ ಬರ್ಯೋ ಮನಷ್ಯಾ. ಅಂದ್ರ ನಿನ್ನ ಗ್ರಾಫಿನ್ಯಾಗ ತಗ್ಗು ಇರ್ಲೇ ಇಲ್ಲ, ಆಮ್ಯಾಲ ನೋಟ್‌ಬುಕ್ಕಿನ್ಯಾಗ ಅಂಕಿ ತಪ್ಪು ಬರ್ಕೊಂಡಿದಿ’ ಅಂತ. ಆ ತಗ್ಗಿನ ಮಾತು ಹೊಡದು ಹಾಕಿ, ಟೇಬಲ್ ತಿದ್ದಿ ಕಳಸು ಅಂತಾರ.” ಅವಳು ಲಕೋಟೆ ಮಡಚಿದಳು. “ತಗ್ಗು ತೆಗದ್ರ ಏನ್ ಉಳಿತದ ಕಾಕಾ? ಎರಡು ದ್ರವ ಬೆರಸಿದೆ, ಬೆರತ್ವು ಅಂತ ಬರೀಬೇಕಷ್ಟ. ಅದನ್ನ ಯಾವ ಪುಣ್ಯಾತ್ಮ ಛಾಪಿಸ್ತಾನ?”

“ಮತ್ತೊಮ್ಮೆ ಅಳದು ತೋರಿಸಿದ್ರ?”

“ದ್ರವ ಮುಗದಾವ. ಬಾಂಬೆದಿಂದ ಬರಾಕ ಮೂರು ತಿಂಗಳು. ನನ್ನ ಗ್ರಾಫ್ ಹಾಳಿ ನಿಮ್ಮ ಹತ್ರ ಉಳದದಲ್ಲ, ಅದನ್ನ ಕೊಡ್ರಿ. ಅದರ ಮೂಲ್ಯಾಗ ಸರ್ ತಾವೇ ನೋಡಿ ಸಹಿ ಮಾಡ್ಯಾರ, ತಾರೀಖು ಹಾಕ್ಯಾರ, ಈಗ ಮರ್ತಾರ. ಅದನ್ನ ಕಣ್ಣಾರೆ ನೋಡಿದ್ರ ಒಪ್ತಾರ.”

“ಅದು... ಕಮಲಾಪುರದಾಗ ಅದ ತಾಯಿ. ಸೋಮವಾರ ತರ್ತೇನಿ.”

ಇದು ಸುಳ್ಳಲ್ಲ. ಕೆಲಸ ಮುಗಿದ ಗ್ರಾಫ್ ಹಾಳೆಗಳನ್ನೆಲ್ಲ ಬಂಡುರಾವ ಮನೆಗೆ ಒಯ್ಯುತ್ತಿದ್ದ. ಅವನ ಹೆಂಡತಿ ಅನಸೂಯಾಬಾಯಿ ಅವುಗಳ ಮೇಲೆ ರಂಗೋಲಿಯ ನಮೂನೆ ಬರೆದುಕೊಳ್ಳುತ್ತಿದ್ದಳು. ಅಳತೆಯ ಚೌಕಳಿ ಅಚ್ಚಾಗಿಯೇ ಬಂದಿರುವುದರಿಂದ ರಂಗೋಲಿಗೆ ಅಂಥ ಕಾಗದ ಇನ್ನೊಂದಿಲ್ಲ. ಕಮಲಾಪುರದ ಹೆಂಗಸರು ಹಬ್ಬಕ್ಕೆ ಮುಂಚೆ ಆ ಹಾಳೆಗಳನ್ನು ಎರವಲು ಒಯ್ಯುತ್ತಿದ್ದರು. ಕಲಬುರಗಿಯ ಭೌತಶಾಸ್ತ್ರ ಹೀಗೆ ಕಮಲಾಪುರದ ಎಷ್ಟೋ ಅಂಗಳಗಳನ್ನು ಬೆಳಗಿಸಿತ್ತು.

ಮರುದಿನ, ಶನಿವಾರ, ಅಂಗಡಿ ಮಧ್ಯಾಹ್ನವೇ ಮುಚ್ಚಿ ಬಸ್ಸು ಹತ್ತಿದ ಬಂಡುರಾವ ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದ. ಹಾಳೆ ಸಿಗಲಿಲ್ಲ ಎಂದುಬಿಟ್ಟರೆ? ಇಲಿ ತಿಂದವು ಎಂದರೆ? ಇಲಿಗಳು ಎದುರು ಮಾತಾಡುವುದಿಲ್ಲ. ಹೇಗೂ ಕಲ್ಯಾಣಪ್ಪನವರು ತಪ್ಪು ನೋಟ್‌ಬುಕ್ಕಿನದೇ ಎಂದಿದ್ದಾರೆ. ಬಂಡುರಾವ ಇದ್ದದ್ದನ್ನು ಇದ್ದ ಹಾಗೆ ಬರೆಯುವವನು ಎಂಬ ಹೆಸರೂ ಉಳಿಯುತ್ತದೆ, ಪ್ರಬಂಧ ಹೇಗಾದರೂ ಅಚ್ಚಾದರೆ ಕೊನೆಯ ಪುಟದ ಹೆಸರೂ ಉಳಿಯುತ್ತದೆ. ಹೋಗುವುದು ಆ ಹುಡುಗಿಯ ತಗ್ಗು ಒಂದೇ. ಲೆಕ್ಕ ಇಲ್ಲಿಗೆ ಬಂದಾಗಲೆಲ್ಲ ಅವನಿಗೆ ‘ಏನ್ ಉಳಿತದ ಕಾಕಾ?’ ಎಂಬುದು ಕೇಳಿಸುತ್ತಿತ್ತು. ಮತ್ತೆ ಮೊದಲಿನಿಂದ ಲೆಕ್ಕ ಹಾಕುತ್ತಿದ್ದ. ಕಮಲಾಪುರದ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವವರು ಕಿಟಕಿಗೆ ಬಂದು ಕೂಗಿದಾಗ ಎಚ್ಚರಾಗಿ ಇಳಿದ.

ಭಾನುವಾರ ಬೆಳಿಗ್ಗೆ ಅನಸೂಯಾಬಾಯಿ ಅಂಗಳ ಸಾರಿಸಿ ಬಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಗಂಡ ಕಪಾಟಿನ ಹಾಳೆಗಳನ್ನೆಲ್ಲ ಹಾಸಿಕೊಂಡು ನಡುವೆ ಕೂತಿದ್ದ.

“ಏನ್ ಹುಡುಕಾಕತ್ತೀರಿ?”

“ಆಗಸ್ಟಿನ್ಯಾಗ ತಂದದ್ದು. ಹನ್ನೊಂದು ಚುಕ್ಕಿ ಇರೋದು.”

ಅನಸೂಯಾಬಾಯಿ ಒಂದೇ ಸಲಕ್ಕೆ ಕೈ ಹಾಕಿ ತೆಗೆದುಕೊಟ್ಟಳು. ಅದರ ಮೇಲೆ ಕೆಂಪು ಪೆನ್ಸಿಲಿನ ದೊಡ್ಡ ರಂಗೋಲಿ ಅರಳಿತ್ತು. ಶೇವಂತಾಳ ಹನ್ನೊಂದು ಚುಕ್ಕಿಗಳನ್ನೂ ಅದರಲ್ಲಿ ಸೇರಿಸಿಕೊಂಡಿದ್ದಳು. ಮೂಲೆಯಲ್ಲಿ ಕಲ್ಯಾಣಪ್ಪನವರ ಸಹಿ ಒಂದು ಎಸಳಿನೊಳಗೆ ಕೂತಿತ್ತು. ಬಂಡುರಾವ ನಾಲ್ಕನೇ ಐದನೇ ಚುಕ್ಕಿಗಳನ್ನು ನೋಡಿದ. ಅನಸೂಯಾಬಾಯಿಯ ಎಳೆ ಅಲ್ಲಿ ಕೆಳಗಿಳಿದು, ಎರಡಕ್ಕೂ ಸುತ್ತು ಹಾಕಿ ಮೇಲೆ ಬಂದಿತ್ತು.

“ಈ ಎರಡು ಚುಕ್ಕಿ ಕೆಳಗ ಬಿದ್ದಾವಲ್ಲ...”

“ಬಿದ್ದಿಲ್ರೀ, ಅಲ್ಲೇ ಅದಾವ. ಅದಕ್ಕ ಎಳಿ ಇಳಿಸಿ ಸುತ್ತು ಹಾಕ್ದೆ. ಅದೇ ಛಂದ ಆಗ್ಯಾದ ನೋಡ್ರಿ. ಬಾಜೂಮನಿ ಪಾರ್ವತೀಬಾಯಿ ಅದನ್ನೇ ಕೇಳಿ ಒಯ್ದಿದ್ಲು.”

“ಅವನ್ನ ಮ್ಯಾಲ ಸರಿಸಬೇಕು ಅನಿಸ್ಲಿಲ್ಲ ನಿನಗ?”

ತುಳಸಿಕಟ್ಟೆಯನ್ನು ಪಕ್ಕದ ಮನೆಗೆ ಸರಿಸೋಣವೇ ಎಂದು ಕೇಳಿದ ಹಾಗೆ ಅನಸೂಯಾಬಾಯಿ ಗಂಡನ ಮುಖ ನೋಡಿದಳು. “ಇಟ್ಟ ಚುಕ್ಕಿ ಸರಿಸ್ತಾರೇನ್ರಿ? ಚುಕ್ಕಿ ಎಲ್ಲದ ಅಲ್ಲಿಗೆ ಎಳಿ ಹೋಗಬೇಕು. ಚುಕ್ಕೀನೇ ಎಳಿ ಹತ್ರ ಕರದ್ರ ಅದು ರಂಗೋಲಿ ಹ್ಯಾಂಗಾಗ್ತದ, ಗೀಚಿದಂಗಾಗ್ತದ.”

ಹದಿನಾರು ವರ್ಷದಿಂದ ಮನೆಬಾಗಿಲಲ್ಲಿ ದಿನವೂ ದಾಟುತ್ತಿದ್ದ ರಂಗೋಲಿಯನ್ನು ಬಂಡುರಾವ ಹರಿಯುವ ಗೆರೆಯೆಂದಷ್ಟೇ ನೋಡಿದ್ದ. ಚುಕ್ಕಿ ಮೊದಲು, ಎಳೆ ಆಮೇಲೆ ಎಂಬುದು ಅವನ ತಲೆಗೆ ಹೋಗಿರಲಿಲ್ಲ. ಕಾಲುವೆಯ ಇಂಜಿನಿಯರರು ಅದನ್ನು ಹೇಳಿಕೊಟ್ಟಿರಲಿಲ್ಲ. ಅವನು ಹೆಂಡತಿಗೆ ಎಲ್ಲ ಹೇಳಿದ. ಇಲಿಯ ವಿಚಾರವನ್ನೂ ಹೇಳಿದ.

“ನಮ್ಮ ಮನ್ಯಾಗ ಇಲಿ ಇಲ್ಲ” ಎಂದಳು ಅನಸೂಯಾಬಾಯಿ. “ಆ ಹುಡುಗಿ ಕಣ್ಣು ಕೆಡಿಸಿಕೊಂಡು ಇಟ್ಟ ಚುಕ್ಕಿ. ನಾಳೆ ಮೊದಲ್ನೇ ಬಸ್ಸಿಗೆ ಹೋಗ್ರಿ. ಒಂದ್ ಡಜನ್ ಬಾಳಿಹಣ್ಣೂ ಒಯ್ರಿ. ಬೈಯೋರ ಕೈಯಾಗ ಏನರ ಇದ್ರ ಬೈಗಳ ಸ್ವಲ್ಪ ಕಡಿಮಿ ಬೀಳ್ತಾವ.”

ಸೋಮವಾರ ಬೆಳಿಗ್ಗೆ ಬಂಡುರಾವ ಶೇವಂತಾಳನ್ನು ಕರೆದುಕೊಂಡು ಕಲ್ಯಾಣಪ್ಪನವರ ಕೋಣೆಗೆ ಹೋದ. ಬಾಳೆಹಣ್ಣು ಮೇಜಿನ ಮೇಲಿಟ್ಟ. ಅದರ ಪಕ್ಕದಲ್ಲಿ ಹಾಳೆ ಇಟ್ಟ. ಕಲ್ಯಾಣಪ್ಪನವರು ಕನ್ನಡಕ ಏರಿಸಿ ನೋಡಿದರು.

“ಇದೇನ್ ಬಂಡುರಾವ್, ಫಿಸಿಕ್ಸೋ ದೀಪಾವಳಿಯೋ?”

“ಕೆಂಪು ಬಿಡ್ರಿ ಸರ್, ಪೆನ್ಸಿಲಿಂದು ನೋಡ್ರಿ. ನಾಲ್ಕನೇದು, ಐದನೇದು. ಆ ಎಸಳಿನ್ಯಾಗ ನಿಮ್ಮ ಸಹಿ ಅದ.” ಬಂಡುರಾವ ಬೆರಳಿಟ್ಟು ತೋರಿಸಿದ. “ತಗ್ಗು ಅಲ್ಲೇ ಇತ್ತು ಸರ್. ನಾನೇ ತುಂಬಿದೆ.”

ಕಲ್ಯಾಣಪ್ಪನವರು ಹಾಳೆ ನೋಡಿದರು, ಸಹಿ ನೋಡಿದರು, ಶೇವಂತಾಳ ನೋಟ್‌ಬುಕ್ ತರಿಸಿ ಎರಡನ್ನೂ ತಾಳೆ ನೋಡಿದರು. ಬಂಡುರಾವ ಹತ್ತು ವರ್ಷದ ಹೆಸರು ಬಾಳೆಹಣ್ಣಿನ ಪಕ್ಕದಲ್ಲಿ ಸಿಪ್ಪೆಯಂತೆ ಬಿದ್ದದ್ದನ್ನು ನೋಡುತ್ತ ನಿಂತ.

“ಶೇವಂತಾ, ನಿನ್ನ ನೋಟ್‌ಬುಕ್ಕಿಗೆ ತಪ್ಪು ಅಂದೆ. ಅನ್ನಬಾರದಿತ್ತು” ಎಂದರು ಕಲ್ಯಾಣಪ್ಪನವರು ಕೊನೆಗೆ. “ನಾನೂ ಕಳಸೋವಾಗ ಚಿತ್ರ ನೋಡಿ ಬೆಣ್ಣಿ ಅಂದೆ. ಬೆಣ್ಣಿ ಯಾಕ ಬಂತು ಅಂತ ಕೇಳ್ಲಿಲ್ಲ.”

ಶೇವಂತಾ ಬಂಡುರಾವನ ಕಡೆ ತಿರುಗಿದಳು. “ಯಾಕ ಸರಿಸಿದ್ರಿ ಕಾಕಾ?”

“ಛಂದ ಕಾಣ್ಲಿ ಅಂತ, ತಾಯಿ.”

ಅವಳ ಮುಖ ಬಿಗಿದುಕೊಂಡಿತು. ಆಮೇಲೆ ಮೂಗಿನ ಹತ್ತಿರ ಏನೋ ಸಡಿಲಾಯಿತು. “ಆ ಎರಡು ಸರದ್ರ ಸಾಕು ಅಂತ ನಾನೂ ಮೊದಲು ಒದ್ದಾಡೀನಿ. ಎರಡು ತಿಂಗಳು, ನಲ್ವತ್ತು ಸಲ ಅಳದೀನಿ. ಜಪ್ಪಯ್ಯ ಅಂದ್ರೂ ಸರೀಲಿಲ್ಲ. ನೀವು ಎಷ್ಟೊತ್ತಿನ್ಯಾಗ ಸರಿಸಿದ್ರಿ?”

“ಅರ್ಧ ನಿಮಿಷ.”

ಶೇವಂತಾ ನಕ್ಕಳು. ಕಲ್ಯಾಣಪ್ಪನವರು ನಗು ತಡೆಯಲು ಒಂದು ಬಾಳೆಹಣ್ಣು ಸುಲಿದರು. “ಇನ್ನ ಮೂವತ್ನಾಲ್ಕು ದಿನ ಅದಾವ. ಹೋಗಿ ಮತ್ತೊಮ್ಮೆ ಬರೀರಿ ಬಂಡುರಾವ್. ಈ ಸಲ ಸೊಟ್ಟಗ ಬರೀರಿ.”

ಸೊಟ್ಟಗೆ ಬರೆಯುವುದು ಇಷ್ಟು ಕಷ್ಟವೆಂದು ಬಂಡುರಾವನಿಗೆ ಗೊತ್ತಿರಲಿಲ್ಲ. ಮೂರನೇ ಚುಕ್ಕಿಯವರೆಗೆ ಗೆರೆ ಚೆನ್ನಾಗಿ ಬರುವುದು. ನಾಲ್ಕನೆಯದಕ್ಕೆ ಇಳಿಯಬೇಕೆನ್ನುವಾಗ ಕೈ ತಾನಾಗಿ ಮೇಲೆ ಹೋಗುವುದು. ಬ್ಲೇಡಿನಿಂದ ಮಸಿ ಕೆರೆಯುವುದು, ಕಾಗದ ತೂತಾಗುವುದು, ಹೊಸ ಕಾಗದ. ಶೇವಂತಾ ಪಕ್ಕದಲ್ಲಿ ಕೂತು “ಇಳೀರಿ ಕಾಕಾ, ಇನ್ನ ಇಳೀರಿ” ಎಂದು ಬಾವಿಗೆ ಇಳಿಸುವವಳಂತೆ ಹೇಳುತ್ತಿದ್ದಳು. ಬುರ್ಹಾನುದ್ದೀನ್ ಬಾಗಿಲಲ್ಲಿ ನಿಂತು ಕೂಡಿಟ್ಟುಕೊಂಡಿದ್ದ ಮಾತು ಹೊರತೆಗೆದ.

“ಬಂಡುಭಾಯ್, ನಿಮ್ಮ ಕೈಗೆ ಹೆಸರದ. ನನ್ನ ಮಷೀನ್ ಪಾಪ ಅನಪಡ್, ಓದಿಲ್ಲ ಬರ್ದಿಲ್ಲ, ಚುಕ್ಕಿ ಸರಿಸಾಕ ಬರಂಗಿಲ್ಲ ಅದಕ್ಕ.”

“ಹೌದಪ್ಪ, ನಿನ್ನ ಮಷೀನಿಗೆ ಒಂದ್ ಶಾಲು ಹೊದಿಸ್ತೇನಿ. ಈಗ ಬೆಳಕಿಗೆ ಅಡ್ಡ ನಿಲ್ಲಬ್ಯಾಡ.”

ಐದನೇ ಕಾಗದದ ಮೇಲೆ ತಗ್ಗು ಬಂತು. ಬಂಡುರಾವ ದೂರ ಹಿಡಿದು ನೋಡಿದ. ಇಳಿದು ಎದ್ದು ಬಂದ ಆ ಗೆರೆಯಲ್ಲೂ ಒಂದು ಚೆಲುವಿತ್ತು. ಕಮಲಾಪುರದ ಅಂಗಳದಲ್ಲಿ ಎಲ್ಲೋ ನೋಡಿದ ಹಾಗಿತ್ತು.

ತಿದ್ದಿದ ಪುಟಗಳನ್ನು ಟೈಪ್ ಮಾಡುತ್ತ ಕೊನೆಯ ಪುಟಕ್ಕೆ ಬಂದ. ಅಲ್ಲಿ ಅವನ ಹೆಸರಿನ ಸಾಲು ಇನ್ನೂ ಇತ್ತು. ಯಾರೂ ಕೆಂಪು ಗೆರೆ ಎಳೆದಿರಲಿಲ್ಲ. ಬಂಡುರಾವ ಆ ಸಾಲು ಬಿಟ್ಟು, ಫೆಲೋಶಿಪ್ ಕೊಟ್ಟವರ ಹೆಸರಿಗೆ ಪೂರ್ಣವಿರಾಮ ಹೊಡೆದ.

ಈ ಸಲ ಪ್ರತಿ ಅಕ್ಷರ ನೋಡಿದ ಶೇವಂತಾ ತಲೆ ಎತ್ತಿದಳು. “ಕಾಕಾ, ಒಂದು ಸಾಲು ಬಿಟ್ಟೀರಿ.”

“ಬಿಟ್ಟಿಲ್ಲ. ತೆಗದೀನಿ.”

“ಹೂಂ” ಎಂದಳು ಅವಳು. ಅಷ್ಟೇ.

ಏಪ್ರಿಲಿನಲ್ಲಿ ಒಪ್ಪಿಗೆಯ ಪತ್ರ ಬಂತು. ಆ ತಗ್ಗು ಬಹಳ ಸ್ವಾರಸ್ಯದ್ದು, ಆ ಪ್ರಮಾಣದ ಬೆರಕೆಯಲ್ಲಿ ಎರಡು ದ್ರವಗಳ ಅಣುಗಳು ಕೈ ಸಡಿಲಿಸಿ ಹೊಸ ಜೋಡಿ ಕಟ್ಟುವಂತಿದೆ ಎಂದು ಅದೇ ಪಂಡಿತ ಬರೆದಿದ್ದ. ಕಲ್ಯಾಣಪ್ಪನವರು ಸಹಿ ಹಾಕಿದರು. ಮೇ ತಿಂಗಳಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಕೆಯಾಯಿತು. ಜೂನ್ ಬಂದು ಫೆಲೋಶಿಪ್ಪನ್ನು ಕರೆದುಕೊಂಡು ಹೋದದ್ದು ಶೇವಂತಾಳಿಗೆ ಗೊತ್ತೇ ಆಗಲಿಲ್ಲ.

ಅಕ್ಟೋಬರಿನ ಒಂದು ಶನಿವಾರ, ಮೌಖಿಕ ಪರೀಕ್ಷೆಯೊಂದೇ ಬಾಕಿ ಇದ್ದ ಶೇವಂತಾ ಅಂಗಡಿಗೆ ಬಂದು, ಪತ್ರಿಕೆಯವರು ಕಳಿಸಿದ ಅಚ್ಚಿನ ಪ್ರತಿಯೊಂದನ್ನು ಮೇಜಿನ ಮೇಲೆ ಇಟ್ಟಳು. ಮಿರಿಮಿರಿ ಕಾಗದ. ಬಂಡುರಾವ ಮೊದಲು ಚಿತ್ರ ನೋಡಿದ. ಎರಡು ಚುಕ್ಕಿ ಕೆಳಗೇ ಇದ್ದವು.

“ಕಡೀ ಪುಟ ನೋಡ್ರಿ” ಎಂದಳು ಶೇವಂತಾ. “ಅಚ್ಚಿನ ಕರಡು ತಿದ್ದಾಕ ಬಂದಿತ್ತು. ಆವಾಗ ನಾನು ಒಂದು ಸಾಲು ಸೇರಿಸೀನಿ. ಸರ್ ನೋಡ್ಯಾರ, ನಕ್ಕಾರ.”

ಕೊನೆಯ ಪುಟದ ಕೆಳಗೆ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ‘ಚಿತ್ರವನ್ನು ಎರಡು ಸಲ ಬರೆದುಕೊಟ್ಟ ಶ್ರೀ ಬಿ. ಕಮಲಾಪುರಕರ ಅವರಿಗೆ ಲೇಖಕರು ಋಣಿ.’

ಬಂಡುರಾವ ಅದನ್ನು ಮೂರು ಸಲ ಓದಿದ. ಕಣ್ಣು ಒರೆಸಿಕೊಂಡ. ಆಮೇಲೆ ತಲೆ ಕೆರೆದುಕೊಂಡ. “ಎರಡು ಸಲ ಅಂತ ಹಾಕಬೇಕಿತ್ತೇನವ್ವ?”

“ಇದ್ದದ್ದನ್ನ ಇದ್ದಂಗ ಬರಿಬೇಕಲ್ಲ ಕಾಕಾ” ಎಂದಳು ಶೇವಂತಾ.

ಬುರ್ಹಾನುದ್ದೀನ್ ಆ ಪುಟವನ್ನು ದೊಡ್ಡದಾಗಿ ಜೆರಾಕ್ಸ್ ತೆಗೆದು ಬಂಡುರಾವನ ಅಂಗಡಿಯ ಬಾಗಿಲಿಗೇ ಅಂಟಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ. ಬಂದವರೆಲ್ಲ ಓದಿ ಹೊಗಳುವರು, ಹೊಗಳಿದ ಮರುಕ್ಷಣ “ಎರಡು ಸಲ ಯಾಕ್ರೀ?” ಎಂದು ಕೇಳುವರು. ಕೇಳಿದವರಿಗೆಲ್ಲ ಬಂಡುರಾವ ಮೊದಲಿನಿಂದ ಹೇಳಬೇಕು. ನಾಚಿಕೆಯಿಂದ ಶುರುವಾದ ಆ ಕಥೆ ಹೇಳಿ ಹೇಳಿ ಎಷ್ಟು ಹದವಾಯಿತೆಂದರೆ, ಕೆಲವರು ಟೈಪಿಂಗ್ ಕೆಲಸ ಇಲ್ಲದಿದ್ದರೂ ಕಥೆ ಕೇಳಲು ಬರತೊಡಗಿದರು. ಗ್ರಾಫ್ ತಂದವರಿಗೆ ಮಾತ್ರ ಅವನು ದೊಡ್ಡ ಕಾಟವಾದ. ಪ್ರತಿ ಚುಕ್ಕಿಗೂ “ಇದು ಇಲ್ಲೇ ಇರಬೇಕೇನ್ರಿ? ಸಹಿ ಹಾಕಿ ಕೊಡ್ರಿ” ಎನ್ನುವನು. ಪ್ರೊಫೆಸರರೊಬ್ಬರ ಕೈ ನಿಜವಾಗಿಯೂ ತಪ್ಪಿ, ಅವರೇ ಬಂದು “ಸರಿಸ್ರಿ” ಎಂದು ಕೇಳಿಕೊಂಡರೂ ಬಂಡುರಾವ ಸರಿಸದೆ, ಆ ಗಿರಾಕಿಯನ್ನು ಕಳೆದುಕೊಂಡ. ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂದು ಚುಕ್ಕಿ ಇಡುವ ಕೆಲಸವನ್ನೇ ಕಿತ್ತುಕೊಂಡಿತು. ಬಂಡುರಾವ ಅದನ್ನೂ ಕಲಿತ. ಆದರೆ ಅದು ಗೆರೆ ಎಳೆದಾಗಲೆಲ್ಲ ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿ ನೋಡದೆ ಬಿಡುತ್ತಿರಲಿಲ್ಲ.

ಇದೆಲ್ಲ ಆಮೇಲಿನ ಮಾತು. ಆ ಶನಿವಾರ ಸಂಜೆ ಅವನು ಅಚ್ಚಿನ ಪ್ರತಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಕಮಲಾಪುರಕ್ಕೆ ಹೋದ. ಅನಸೂಯಾಬಾಯಿಯನ್ನು ಕೂಡಿಸಿ, ಬೆರಳಿಟ್ಟು ಸಾಲು ತೋರಿಸಿ, ಅರ್ಥ ಹೇಳಿದ.

“ಎರಡು ಸಲ ಅಂತಾನಾ?” ಎಂದಳು ಅನಸೂಯಾಬಾಯಿ. “ಹಂಗಾರ ಮೊದಲ್ನೇ ಸಲದ್ದು ನಿಮ್ಮದು. ಎರಡನೇ ಸಲದ್ದು ನಂದು.”

“ಆಯ್ತು, ನಿಂದೇ” ಎಂದು ಬಂಡುರಾವ ಆ ಪ್ರತಿಯನ್ನು ಅವಳ ಕೈಗೆ ಕೊಟ್ಟ. “ಜ್ವಾಕಿಯಿಂದ ಇಡು. ಇದರ ಮ್ಯಾಲ ಮಾತ್ರ ರಂಗೋಲಿ ಬರೀಬ್ಯಾಡ.”

ಅನಸೂಯಾಬಾಯಿ ಪುಟಗಳನ್ನು ಹಿಂದೆ ಮುಂದೆ ತಿರುವಿ ನೋಡಿದಳು.

“ಇದರಾಗ ಚೌಕಳೀನೇ ಇಲ್ಲಲ್ರೀ” ಎಂದಳು. “ನನಗ ಕೆಲಸಕ್ಕ ಬರಂಗಿಲ್ಲ. ನೀವೇ ಇಟ್ಕೋರಿ.”